‘ನಂಗೆ ಸೇರಲ್ಲ’: ನಮ್ಮ ತಟ್ಟೆಗೂ ನಮ್ಮ ಸ್ವಭಾವಕ್ಕೂ ಏನು ಸಂಬಂಧ?

ಫಸ್ಟ್ ಸೆಮ್‌ನಲ್ಲಿ ದಸರಾ ರಜೆ ಮುಗಿಸಿ ನನ್ನ ರೂಮ್‌ಮೇಟ್ ರಾಯಚೂರಿಂದ ವಾಪಸ್ ಬಂದಾಗ ಅವನ ಬ್ಯಾಗಲ್ಲಿ ಬಟ್ಟೆಗಿಂತ ಊಟಾನೇ ಜಾಸ್ತಿ ಇತ್ತು. ಪಂಚೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಒಂದು ಸ್ಟೀಲ್ ಡಬ್ಬಿ ತುಂಬ ಪುಂಡಿ ಪಲ್ಯ. ಡಬ್ಬಿ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ.

“ತಗೋಲೇ, ನಮ್ಮವ್ವ ನಿನಗೂ ಸೇರ್ಸಿ ಕಟ್ಟ್ಯಾಳ.”

ನೋಡಿದೆ. ಕಡು ಹಸಿರು, ಮುದ್ದೆಮುದ್ದೆಯಾಗಿತ್ತು, ಹುಳಿ ವಾಸನೆ. “ಇಲ್ಲ ಮಗಾ, ನಂಗೆ ಇದೆಲ್ಲ ಸೇರಲ್ಲ” ಅಂದೆ.

“ಯಾವಾಗರ ತಿಂದೀಯೇನು?”

“ಇಲ್ಲ.”

“ಮತ್ತ?”

ಆ ‘ಮತ್ತ’ಗೆ ನನ್ನ ಹತ್ರ ಉತ್ತರ ಇರಲಿಲ್ಲ. ಪಕ್ಕದ ಮಂಚದಲ್ಲಿ ಮಲಗಿದ್ದ ಇನ್ನೊಬ್ಬ, “ಬಿಡೋ, ಅವ್ನು ಹಾಗೇ. ಪಿಕ್ಕಿ” ಅಂದು ನನ್ನನ್ನ ಬಚಾವ್ ಮಾಡಿದ. ಡಬ್ಬಿ ಮುಚ್ಚಿತು. ಮುಂದಿನ ಸಲ ಊರಿಂದ ಬಂದಾಗ ಅವನು ಡಬ್ಬಿ ತಗೊಂಡು ನೇರವಾಗಿ ಎದುರು ರೂಮಿಗೆ ಹೋದ. ಅಲ್ಲಿ ಬಳ್ಳಾರಿ ಹುಡುಗರಿದ್ರು. ನನಗೇನೂ ಹೇಳಲಿಲ್ಲ, ಕರೀಲೂ ಇಲ್ಲ. ಅವತ್ತು ರಾತ್ರಿ ರೂಮಲ್ಲಿ ಒಬ್ಬನೇ ಕೂತು ಬಿಸ್ಕೆಟ್ ತಿಂತಾ ಇದ್ದಾಗ ಸ್ವಲ್ಪ ಚುಚ್ಚಿತು, ನಿಜ.

ಥರ್ಡ್ ಸೆಮ್‌ನಲ್ಲಿ ಒಂದು ಸೆಮಿನಾರ್‌ಗೆ ಟಾಪಿಕ್ ಬೇಕಾದಾಗ ಇದನ್ನೇ ತಗೊಂಡೆ: ನಮ್ಮ ವಯಸ್ಸಿನವರ ಸ್ವಭಾವಕ್ಕೂ, ನಾವು ಏನು ತಿಂತೀವಿ ಏನು ತಿನ್ನಲ್ಲ ಅನ್ನೋದಕ್ಕೂ ಏನು ಸಂಬಂಧ? ‘ಅವ್ನು ಹಾಗೇ’ ಅನ್ನೋದು ನಿಜಾನಾ, ಇಲ್ಲ ನನಗೆ ಅನುಕೂಲ ಆಗಿದ್ದ ಒಂದು ನೆಪಾನಾ? ಆಗ ಓದಿದ್ದನ್ನ ಇಲ್ಲಿ ಬರೀತಿದ್ದೀನಿ. ಹತ್ತನೇ ಕ್ಲಾಸ್‌ವರೆಗೂ ಇಂಗ್ಲಿಷ್ ಮೀಡಿಯಂ ನಾನು, ಕನ್ನಡ ಒಂದು ಸಬ್ಜೆಕ್ಟ್ ಅಷ್ಟೇ. ತಪ್ಪಿದ್ರೆ ಎಡಿಟರ್ ಅಕ್ಕ ತಿದ್ದಲಿ.

ಹೊಸ ತಿನಿಸಿನ ಅಂಜಿಕೆ

ಗೊತ್ತಿಲ್ಲದ ತಿಂಡಿಯನ್ನ ಬಾಯಿಗೆ ಇಡೋ ಮೊದಲೇ ಬೇಡ ಅನ್ನೋದಕ್ಕೆ ಸೈಕಾಲಜಿಯಲ್ಲಿ ಫುಡ್ ನಿಯೋಫೋಬಿಯಾ ಅಂತಾರೆ. ಕನ್ನಡದಲ್ಲಿ ಇದಕ್ಕೊಂದು ಪದ ಹುಡುಕಿ ಸಾಕಾಯ್ತು. ‘ಹೊಸ ತಿನಿಸಿನ ಅಂಜಿಕೆ’ ಅಂತ ಇಟ್ಕೊಳ್ಳೋಣ. ಇದೂ ಪಿಕ್ಕಿ ಆಗಿರೋದೂ ಒಂದೇ ಅಲ್ಲ. ಹಾಗಲಕಾಯಿ ಗೊಜ್ಜನ್ನ ನಾಲ್ಕು ಸಲ ತಿಂದು ನೋಡಿ ಐದನೇ ಸಲ ಬೇಡ ಅನ್ನೋನು ಪಿಕ್ಕಿ ಇರಬಹುದು, ಆದರೆ ಅವನು ಅಂಜಿಲ್ಲ. ಪುಂಡಿ ಪಲ್ಯದ ಮುಂದೆ ನಾನು ಮಾಡಿದ್ದು ಅಂಜಿಕೆ.

ಇದು ಬರೀ ಹಠ ಅಲ್ಲ, ಇದರ ಹಿಂದೆ ಒಂದು ಲಾಜಿಕ್ ಇದೆ. ಅಮೆರಿಕದ ಸೈಕಾಲಜಿಸ್ಟ್ ಪಾಲ್ ರೋಜಿನ್ 1970ರ ದಶಕದಲ್ಲಿ ಇದನ್ನ ಚೆನ್ನಾಗಿ ವಿವರಿಸಿದ್ರು. ಕೋಲಾ ಪ್ರಾಣಿಗೆ ನೀಲಗಿರಿ ಎಲೆ ಬಿಟ್ರೆ ಹೆಚ್ಚು ಕಡಿಮೆ ಬೇರೇನೂ ಬೇಡ, ಹಾಗಾಗಿ ಊಟದ ವಿಷಯದಲ್ಲಿ ಅದಕ್ಕೆ ಗೊಂದಲಾನೇ ಇಲ್ಲ. ಮನುಷ್ಯ ಮತ್ತು ಇಲಿ ಎರಡೂ ಸಿಕ್ಕಿದ್ದನ್ನೆಲ್ಲ ತಿನ್ನೋ ಜಾತಿ. ಹೊಸದನ್ನ ತಿನ್ನದಿದ್ರೆ ಪೋಷಕಾಂಶ ಸಾಲಲ್ಲ, ತಿಂದ್ರೆ ವಿಷ ಆಗಬಹುದು. ಆಸೆ, ಅಂಜಿಕೆ ಎರಡೂ ಬೇಕು. ಇಲಿ ಹೊಸ ತಿಂಡಿ ಕಂಡ್ರೆ ಚೂರೇ ಚೂರು ಕಚ್ಚಿ ನೋಡುತ್ತೆ. ಆಮೇಲೆ ಹೊಟ್ಟೆ ಕೆಟ್ಟರೆ ಮತ್ತೆ ಆ ಕಡೆ ತಲೆ ಹಾಕಲ್ಲ. ಇಲಿ ಪಾಷಾಣ ಇಟ್ರೂ ಎಷ್ಟೋ ಸಲ ಇಲಿ ಸಾಯದೇ ಇರೋದು ಇದೇ ಕಾರಣಕ್ಕೆ. 1955ರಲ್ಲಿ ಜಾನ್ ಗಾರ್ಸಿಯಾ ಅನ್ನೋ ವಿಜ್ಞಾನಿ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಯೋಕೆ ಕೊಟ್ಟು, ಆ ಹೊತ್ತಲ್ಲೇ ವಿಕಿರಣಕ್ಕೆ ಒಡ್ಡಿ ಹೊಟ್ಟೆ ಕೆಡಿಸಿ ನೋಡಿದ್ರು. ಇಲಿಗಳು ಆಮೇಲೆ ಸಿಹಿನೀರನ್ನೇ ದೂರ ಇಟ್ಟವು. ತಪ್ಪು ನೀರಿಂದಲ್ಲ, ಆದರೂ ಶಿಕ್ಷೆ ನೀರಿಗೆ. ಘಾಟಿಯಲ್ಲಿ ಬಸ್ಸಲ್ಲಿ ವಾಂತಿ ಮಾಡ್ಕೊಂಡು, ಅವತ್ತು ಹತ್ತೋ ಮುಂಚೆ ತಿಂದ ಚಿತ್ರಾನ್ನವನ್ನ ಜೀವನ ಪೂರ್ತಿ ಬಿಟ್ಟೋರು ನಿಮ್ಮ ಮನೆಯಲ್ಲೂ ಒಬ್ಬರಿರ್ತಾರೆ.

ಮಕ್ಕಳಲ್ಲಿ ಈ ಅಂಜಿಕೆ ಸುಮಾರು 2ರಿಂದ 6 ವರ್ಷದೊಳಗೆ ಜಾಸ್ತಿ ಇರುತ್ತೆ. ನಡೆಯೋಕೆ ಕಲಿತ ಮಗು ಕೈಗೆ ಸಿಕ್ಕಿದ ಹಣ್ಣು, ಎಲೆ ಬಾಯಿಗೆ ಹಾಕ್ಕೊಳ್ಳೋ ವಯಸ್ಸು ಅದು, ಹಾಗಾಗಿ ಅಂಜಿಕೆ ಇದ್ರೇನೇ ಒಳ್ಳೇದು. ಆಮೇಲೆ ವಯಸ್ಸಾದ ಹಾಗೆ ಸಾಮಾನ್ಯವಾಗಿ ಇಳೀತಾ ಬರುತ್ತೆ. ಹದಿಹರೆಯ ಅಂದ್ರೆ ಅದು ಇಳಿಯೋ ಹೊತ್ತು. ಜೊತೆಗೆ ಕೈಯಲ್ಲಿ ಮೊದಲ ಸಲ ಸ್ವಂತ ದುಡ್ಡು, ಮನೆಯಿಂದ ದೂರ, ‘ಇದನ್ನ ತಿನ್ನು’ ಅನ್ನೋಕೆ ಅಮ್ಮ ಇಲ್ಲ. ಅಷ್ಟಾದ್ರೂ ನಮ್ಮಲ್ಲಿ ಕೆಲವರು ಮೆಸ್‌ನಲ್ಲಿ ಮೂರು ಹೊತ್ತೂ ಅನ್ನ ಮೊಸರು ಉಪ್ಪಿನಕಾಯಿ. ಯಾಕೆ?

ಸ್ವಭಾವದ ಲೆಕ್ಕ

ಸ್ವಭಾವವನ್ನ ಅಳೆಯೋಕೆ ಸಂಶೋಧಕರು ಹೆಚ್ಚಾಗಿ ಬಳಸೋದು ‘ಬಿಗ್ ಫೈವ್’. ಐದು ಅಳತೆಪಟ್ಟಿ ಅಂದ್ಕೊಳ್ಳಿ, ಪ್ರತಿಯೊಬ್ಬರೂ ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಇರ್ತಾರೆ. ಓಪನ್‌ನೆಸ್, ಅಂದ್ರೆ ಹೊಸ ವಿಚಾರ, ಹೊಸ ಅನುಭವಕ್ಕೆ ಎಷ್ಟು ಮನಸ್ಸು ತೆರೆದಿದೆ ಅನ್ನೋದು. ಕಾನ್ಶಿಯೆನ್ಶಿಯಸ್‌ನೆಸ್ ಅನ್ನೋದು ಶಿಸ್ತು, ಅಸೈನ್‌ಮೆಂಟ್ ಟೈಮಿಗೆ ಕೊಡೋ ಗುಣ. ಎಕ್ಸ್‌ಟ್ರಾವರ್ಷನ್, ಜನರ ಜೊತೆ ಬೆರೆಯೋದು. ಅಗ್ರೀಯಬಲ್‌ನೆಸ್, ಹೊಂದ್ಕೊಂಡು ಹೋಗೋದು. ನ್ಯೂರಾಟಿಸಿಸಂ, ಬೇಗ ಆತಂಕ ಬೇಸರ ಆಗೋದು.

ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣೋ ಪ್ಯಾಟರ್ನ್ ಹೀಗಿದೆ. ಓಪನ್‌ನೆಸ್ ಜಾಸ್ತಿ ಇದ್ದೋರಿಗೆ ಹೊಸ ತಿನಿಸಿನ ಅಂಜಿಕೆ ಕಮ್ಮಿ, ಹಣ್ಣು ತರಕಾರಿ ಸ್ವಲ್ಪ ಜಾಸ್ತಿ. ಶಿಸ್ತಿನ ಮಂದಿ ಆರೋಗ್ಯ ನೋಡ್ಕೊಂಡು ತಿಂತಾರೆ. ಆತಂಕದ ಸ್ವಭಾವದೋರು ಹಸಿವಿಲ್ಲದಿದ್ರೂ ಬೇಜಾರಿಗೆ ತಿನ್ನೋದು ಹೆಚ್ಚು. ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದು ಗಂಟೆಗೆ ಕೆಟಲ್‌ನಲ್ಲಿ ಮ್ಯಾಗಿ ಬೇಯಿಸೋರು ಕೈ ಎತ್ತಿ. ನಾನೂ ಎತ್ತಿದೆ. ಇದಲ್ಲದೆ ಮಾರ್ವಿನ್ ಝುಕರ್‌ಮನ್ 1960ರ ದಶಕದಲ್ಲಿ ಶುರು ಮಾಡಿದ ‘ಸೆನ್ಸೇಷನ್ ಸೀಕಿಂಗ್’ ಅನ್ನೋ ಅಳತೆ ಇದೆ, ಥ್ರಿಲ್ ಹುಡುಕೋ ಸ್ವಭಾವ. ಅದು ಜಾಸ್ತಿ ಇದ್ದೋರಿಗೆ ಖಾರ ಇಷ್ಟ ಆಗೋ ಸಾಧ್ಯತೆ ಹೆಚ್ಚು ಅಂತಾನೂ ಕಂಡುಬಂದಿದೆ.

ಇಷ್ಟು ಓದಿ ನನಗೆ ಖುಷಿಯಾಯ್ತು. ಸರಿ, ‘ನಾನು ಹಾಗೇ’, ಸೈನ್ಸ್ ಕೂಡ ಅದನ್ನೇ ಹೇಳ್ತಿದೆ! ಆದರೆ ಮ್ಯಾಥ್ಸ್ ಕ್ಲಾಸಲ್ಲಿ ಕೋರಿಲೇಷನ್ ಮಾಡಿದ್ದು ನೆನಪಿದ್ಯಾ? ವಾಲ್ಟರ್ ಮಿಶೆಲ್ ಅನ್ನೋ ಸೈಕಾಲಜಿಸ್ಟ್ 1968ರಲ್ಲಿ ಒಂದು ಪುಸ್ತಕ ಬರೆದು ಎಲ್ಲರಿಗೂ ತಲೆನೋವು ತಂದಿಟ್ಟರು. ಸ್ವಭಾವದ ಪರೀಕ್ಷೆಯ ಅಂಕಕ್ಕೂ ಮನುಷ್ಯ ನಿಜವಾಗಿ ನಡೆದುಕೊಳ್ಳೋ ರೀತಿಗೂ ಇರೋ ಕೋರಿಲೇಷನ್ ಸಾಮಾನ್ಯವಾಗಿ 0.3ರ ಆಚೆ ಹೋಗಲ್ಲ ಅಂದ್ರು. 0.3ನ್ನ ಸ್ಕ್ವೇರ್ ಮಾಡಿ: 0.09. ಅಂದ್ರೆ ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು 9% ಮಾತ್ರ ಆ ಅಂಕದಿಂದ ಲೆಕ್ಕಕ್ಕೆ ಸಿಗುತ್ತೆ. ಮಿಶೆಲ್ ಮೇಲೆ ಆಮೇಲೆ ದೊಡ್ಡ ಚರ್ಚೆ ನಡೆದಿದೆ, 0.3 ಕೂಡ ಸಣ್ಣದೇನಲ್ಲ ಅಂತ ವಾದ ಮಾಡಿದೋರಿದ್ದಾರೆ. ಒಪ್ಪೋಣ. ಆದರೂ ಉಳಿದ 91% ನನ್ನ ‘ಸ್ವಭಾವ’ದ ಹೊರಗಿದೆ ತಾನೇ?

ಇನ್ನೊಂದು ಅಂಕಿ ನನ್ನ ಪರವಾಗೇ ಇದೆ ಅನ್ನಿಸ್ತು. 2007ರಲ್ಲಿ ಬ್ರಿಟನ್‌ನಲ್ಲಿ 8ರಿಂದ 11 ವರ್ಷದ 5,000ಕ್ಕೂ ಹೆಚ್ಚು ಜೋಡಿ ಅವಳಿ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಈ ಅಂಜಿಕೆಯಲ್ಲಿ ಮಕ್ಕಳ ನಡುವೆ ಇರೋ ವ್ಯತ್ಯಾಸದ 78% ಅನುವಂಶೀಯ ಅಂತ ಬಂತು. ಇದನ್ನ ಸೆಮಿನಾರ್‌ನಲ್ಲಿ ಹೇಳಿದ ತಕ್ಷಣ ಹಿಂದಿನ ಬೆಂಚಿಂದ “ನಮ್ಮಪ್ಪನ ತಪ್ಪು” ಅಂತ ಕೂಗು ಬಂತು. ಆದರೆ 78% ಅಂದ್ರೆ ನನ್ನ ಅಂಜಿಕೆಯ ಮುಕ್ಕಾಲು ಭಾಗ ಕಲ್ಲಲ್ಲಿ ಕೆತ್ತಿದೆ ಅಂತ ಅಲ್ಲ. ಎತ್ತರ ಕೂಡ ಬಹಳ ಮಟ್ಟಿಗೆ ಅನುವಂಶೀಯವೇ. ಆದರೂ ಒಳ್ಳೆ ಊಟ ಸಿಕ್ಕ ಕಡೆ ಮೊಮ್ಮಕ್ಕಳು ಅಜ್ಜನಿಗಿಂತ ಎತ್ತರ ಬೆಳೆದಿದ್ದಾರೆ. ಯಾರು ಎಲ್ಲಿಂದ ಶುರು ಮಾಡ್ತಾರೆ ಅನ್ನೋದರಲ್ಲಿ ಜೀನ್ ಪಾಲು ದೊಡ್ಡದು. ಎಲ್ಲಿಗೆ ಮುಟ್ಟಬಹುದು ಅನ್ನೋದನ್ನ ಆ 78% ಹೇಳಲ್ಲ.

ಹತ್ತು ಪ್ರಶ್ನೆ, ಒಂದು ಮುಖಭಂಗ

1992ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಪೆಟ್ರಿಶಿಯಾ ಪ್ಲೈನರ್ ಮತ್ತು ಕ್ಯಾರನ್ ಹಾಬ್ಡನ್ ಈ ಅಂಜಿಕೆ ಅಳೆಯೋಕೆ ಒಂದು ಸ್ಕೇಲ್ ಮಾಡಿದ್ರು. ಹತ್ತು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಐದು ಹೇಳಿಕೆ ‘ಹೊಸದಂದ್ರೆ ಇಷ್ಟ’ ಅನ್ನೋ ಥರ, ಐದು ಅದಕ್ಕೆ ಉಲ್ಟಾ, ಅರ್ಧಕ್ಕೆ ಅಂಕ ತಿರುಗಿಸಿ ಕೂಡಬೇಕು. ಕನಿಷ್ಠ 10, ಗರಿಷ್ಠ 70. ಜಾಸ್ತಿ ಬಂದಷ್ಟೂ ಅಂಜಿಕೆ ಜಾಸ್ತಿ. ಇವತ್ತಿಗೂ ಪ್ರಪಂಚದ ಎಷ್ಟೋ ಕಡೆ ಇದನ್ನೇ ಬಳಸ್ತಾರೆ.

ನಾನೂ ರೂಮ್‌ಮೇಟೂ ಕೂತು ತುಂಬಿದ್ವಿ. ನನಗೆ 50ರ ಮೇಲೆ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು 29. ಅವನಿಗೆ 47.

ಇಬ್ಬರೂ ಎರಡೆರಡು ಸಲ ಕೂಡಿದ್ವಿ. ಲೆಕ್ಕ ಸರಿ ಇತ್ತು. ಸ್ಕೇಲ್ ಪ್ರಕಾರ ಹೊಸದಕ್ಕೆ ಮನಸ್ಸು ತೆರೆದಿರೋನು ನಾನು, ಅಂಜುಬುರುಕ ಅವನು! ಅವನು ನಕ್ಕು, “ಹಂಗಾರ ಪುಂಡಿ ಪಲ್ಯ ಯಾಕ ತಿನ್ನಲಿಲ್ಲೋ?” ಅಂದ.

ಪ್ರಶ್ನೆಗಳನ್ನ ಮತ್ತೆ ಓದಿದಾಗ ಗೊತ್ತಾಯ್ತು. ಹತ್ತರಲ್ಲಿ ಮೂರು ಹೇಳಿಕೆ ಬೇರೆ ದೇಶದ ಊಟ, ಬೇರೆ ಸಂಸ್ಕೃತಿಯ ಹೋಟೆಲು ಇಂಥದ್ದರ ಬಗ್ಗೆ ಇವೆ. ಅಲ್ಲಿ ನಾನು ಪೂರ್ತಿ ಒಳ್ಳೆ ಅಂಕ ಹಾಕ್ಕೊಂಡಿದ್ದೆ. ಯಾಕಂದ್ರೆ ನಾನು ಮಾಲ್‌ನಲ್ಲಿ ಸುಶಿ ತಿಂದಿದ್ದೀನಿ. ಪಿಯುಸಿ ಮುಗಿದ ಖುಷಿಗೆ ಫ್ರೆಂಡ್ಸ್ ಜೊತೆ ಹೋಗಿ, ಸೌತೆಕಾಯಿ ಸುಶಿ ಮೇಲೆ ವಸಾಬಿನ ಪುದೀನ ಚಟ್ನಿ ಅಂದ್ಕೊಂಡು ಹಚ್ಚಿ, ಮೂಗಲ್ಲಿ ಬೆಂಕಿ ಬಂದ್ರೂ ಫೋಟೋಗೆ ನಕ್ಕಿದ್ದೆ. ರುಚಿ? ಸಪ್ಪೆ ಅನ್ನ. ಆದರೆ ‘ಸೇರಲ್ಲ’ ಅನ್ನಲಿಲ್ಲ. ಜಪಾನಿನ ತಿಂಡಿ ನನಗೆ ‘ಹೊಸ ಅನುಭವ’. ಸುಮಾರು 400 ಕಿ.ಮೀ. ದೂರದ, ನನ್ನದೇ ಭಾಷೆ ಮಾತಾಡೋ ಊರಿನ ತಿಂಡಿ ‘ಇದೆಲ್ಲ’. ಆವತ್ತು ನಾನು ಹೇಳಿದ ವಾಕ್ಯದಲ್ಲಿ ‘ಸೇರಲ್ಲ’ಗಿಂತ ಕೆಟ್ಟ ಪದ ‘ಇದೆಲ್ಲ’ ಅಂತ ಈಗ ಅನ್ನಿಸುತ್ತೆ.

ಅವನದ್ದೂ ಹಾಗೇ, ಬೇರೆ ದಿಕ್ಕಲ್ಲಿ. ಮೊಮೊ ಮುಟ್ಟಲ್ಲ, ವೈಟ್ ಸಾಸ್ ಪಾಸ್ತಾ ನೋಡಿದ್ರೆ “ಗೋಡಿಗೆ ಹಚ್ಚೋದು” ಅಂತಾನೆ. ಉಡುಪಿ ಹುಡುಗ ಕುಚ್ಚಲಕ್ಕಿ ಗಂಜಿ ಮಾಡಿದಾಗ, ತೆಂಗಿನೆಣ್ಣೆ ವಾಸನೆಗೆ ಎದ್ದು ಹೊರಗೆ ಹೋಗಿದ್ದ. ಟೊರೊಂಟೊದಲ್ಲಿ ಕೂತು ಬರೆದ ಸ್ಕೇಲ್‌ನಲ್ಲಿ ‘ಹೊಸದು’ ಅಂದ್ರೆ ಹೆಚ್ಚಾಗಿ ವಿದೇಶದ್ದು. ಒಂದೇ ಮೆಸ್‌ನಲ್ಲಿ ರಾಯಚೂರು, ಉಡುಪಿ, ಮಂಡ್ಯ, ಬೆಳಗಾವಿ ಕೂತಿರೋ ನಮಗೆ ಹೊಸದು ಪಕ್ಕದ ತಟ್ಟೆಯಲ್ಲೇ ಇರುತ್ತೆ. ಅದಕ್ಕೆ ಯಾವ ಅಂಕವೂ ಇಲ್ಲ. ಸ್ಕೇಲ್ ತಪ್ಪು ಅಂತ ನಾನು ಹೇಳ್ತಿಲ್ಲ, ಅಷ್ಟು ದೊಡ್ಡೋನಲ್ಲ. ನನ್ನ 29 ನನ್ನ ಸ್ವಭಾವದ ಅಂಕ ಮಾತ್ರ ಅಲ್ಲ, ನನಗೆ ಯಾವುದು ಸ್ಟೈಲ್ ಅನ್ನಿಸುತ್ತೆ ಅನ್ನೋದರ ಅಂಕ ಕೂಡ.

ಪಕ್ಕದಲ್ಲಿ ಯಾರಿದ್ದಾರೆ?

ಸುಶಿಯ ದಿನ ನಾನೊಬ್ಬನೇ ಇದ್ದಿದ್ರೆ ತಿಂತಿದ್ನಾ? ಖಂಡಿತ ಇಲ್ಲ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಮಾಡಿದ್ರು. ಕಂಪ್ಯೂಟರ್‌ನಲ್ಲಿ ಕಾರ್ ಓಡಿಸೋ ಆಟ, ಸಿಗ್ನಲ್ ಹಳದಿ ಆದ ಮೇಲೂ ಎಷ್ಟು ದೂರ ನುಗ್ತೀರಿ ಅನ್ನೋದು. ಮೂರು ಗುಂಪು: 13ರಿಂದ 16, 18ರಿಂದ 22, ಮತ್ತು 24 ದಾಟಿದವರು. ಜೊತೆಯವರು ಪಕ್ಕದಲ್ಲಿದ್ದಾಗ ಚಿಕ್ಕವರು ಜಾಸ್ತಿ ರಿಸ್ಕ್ ತಗೊಂಡ್ರು, 18ರಿಂದ 22ರವರೂ ತಗೊಂಡ್ರು. ದೊಡ್ಡವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಇದು ಊಟದ ಪ್ರಯೋಗ ಅಲ್ಲ, ಆದರೆ ಗೊತ್ತಿಲ್ಲದ್ದನ್ನ ಬಾಯಿಗೆ ಇಡೋದೂ ಒಂದು ಪುಟ್ಟ ರಿಸ್ಕೇ ಅಲ್ವಾ? ಜೊತೆಯವರು ಹುರಿದುಂಬಿಸಿದ್ರೆ ಸುಶಿಯೂ ಇಳಿಯುತ್ತೆ. ಅದೇ ಜೊತೆಯವರು ‘ಬಿಡೋ, ಅವ್ನು ಹಾಗೇ’ ಅಂದ್ರೆ ಡಬ್ಬಿ ಮುಚ್ಚುತ್ತೆ. ಎರಡೂ ಕಡೆ ಇದ್ದಿದ್ದು ಅದೇ ನಾನು, ಅದೇ ಓಪನ್‌ನೆಸ್.

ಆಮೇಲೆ ಎಷ್ಟು ಸಲ ರುಚಿ ನೋಡಿದ್ದೀವಿ ಅನ್ನೋದು. ಇದರಲ್ಲಿ ಹೆಚ್ಚು ಕೆಲಸ ಮಾಡಿದೋರು ಲಿಯಾನ್ ಬರ್ಚ್. 1982ರ ಒಂದು ಅಧ್ಯಯನದಲ್ಲಿ ಅವರು ಎರಡು ವರ್ಷದ ಮಕ್ಕಳಿಗೆ ಗೊತ್ತಿಲ್ಲದ ತಿನಿಸುಗಳನ್ನ ಕೊಟ್ಟು ನೋಡಿದ್ರು, ಕೆಲವನ್ನ ಎರಡೇ ಸಲ, ಕೆಲವನ್ನ 20 ಸಲದವರೆಗೆ. ಜಾಸ್ತಿ ಸಲ ಕೊಟ್ಟಿದ್ದೇ ಮಕ್ಕಳಿಗೆ ಜಾಸ್ತಿ ಇಷ್ಟ ಆಯ್ತು. 1987ರಲ್ಲಿ ಇನ್ನೊಂದು: ಕೆಲವು ಹಣ್ಣನ್ನ ಮಕ್ಕಳಿಗೆ ಬರೀ ತೋರಿಸಿದ್ರು, ಕೆಲವನ್ನ ತಿನ್ನೋಕೂ ಕೊಟ್ರು. ನೋಡಿದ್ದರಿಂದ ನೋಟ ಇಷ್ಟ ಆಯ್ತು, ಅಷ್ಟೇ. ರುಚಿ ಇಷ್ಟ ಆಗಬೇಕಾದ್ರೆ ಬಾಯಿಗೇ ಹೋಗಬೇಕಿತ್ತು. ದಿನಾ ರಾತ್ರಿ ಒಂದು ಗಂಟೆ ಫುಡ್ ರೀಲ್ಸ್ ನೋಡೋ ನಮ್ಮ ಪೀಳಿಗೆಗೆ ಇದು ಬೇಜಾರಿನ ಸುದ್ದಿ.

ಖಾರ ಇದಕ್ಕೆ ಚೆನ್ನಾಗಿರೋ ಉದಾಹರಣೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿ ಸುಟ್ಟಾಗ ಚಾಲೂ ಆಗೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರನ್ನೇ ಚಾಲೂ ಮಾಡುತ್ತೆ. ಇದನ್ನ 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಅಂದ್ರೆ ಖಾರ ರುಚಿಯೇ ಅಲ್ಲ, ನೋವು. ಹುಟ್ಟುತ್ತಲೇ ಅದನ್ನ ಇಷ್ಟಪಡೋ ಮಗು ಇಲ್ಲ. ರೋಜಿನ್ ಮೆಕ್ಸಿಕೋದ ಹಳ್ಳಿಯಲ್ಲಿ ನೋಡಿದ ಹಾಗೆ, ಮಕ್ಕಳು ದೊಡ್ಡವರ ಜೊತೆ ಕೂತು ಸ್ವಲ್ಪ ಸ್ವಲ್ಪವೇ ತಿಂದು ಆ ನೋವನ್ನ ಇಷ್ಟಪಡೋಕೆ ಕಲೀತಾರೆ. ಇನ್ನು ನಾವು ‘ನಮ್ಮದು’ ಅನ್ನೋ ಬ್ಯಾಡಗಿ ಮೆಣಸಿನಕಾಯಿ? 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಹಾವೇರಿಯ ಹೆಮ್ಮೆ, ಬಣ್ಣ ಜಾಸ್ತಿ ಖಾರ ಕಮ್ಮಿ. ಆದರೆ ಮೆಣಸಿನಕಾಯಿ ಗಿಡವೇ ಅಮೆರಿಕ ಖಂಡದ್ದು, ಪೋರ್ಚುಗೀಸರು ತರೋ ಮುಂಚೆ ಇಲ್ಲಿ ಇರಲಿಲ್ಲ. ಆಲೂಗಡ್ಡೆ, ಟೊಮೇಟೊ, ನನ್ನ ರೂಮ್‌ಮೇಟ್‌ನ ಶೇಂಗಾ ಕೂಡ ಆ ಕಡೆಯದ್ದೇ. ಯಾವುದೋ ಕಾಲದಲ್ಲಿ ಯಾರೋ ಅಜ್ಜಿ ಇದನ್ನೆಲ್ಲ ನೋಡಿ ‘ನಂಗೆ ಸೇರಲ್ಲ’ ಅಂದಿರಲೇಬೇಕು.

ಎಲ್ಲ ‘ಬೇಡ’ವೂ ಒಂದೇ ಅಲ್ಲ

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ರೆ ತಪ್ಪಾಗುತ್ತೆ. ರೋಜಿನ್ ಮತ್ತು ಏಪ್ರಿಲ್ ಫ್ಯಾಲನ್ ಊಟ ಬೇಡ ಅನ್ನೋದಕ್ಕೆ ಬೇರೆ ಬೇರೆ ಕಾರಣಗಳನ್ನ ವಿಂಗಡಿಸಿದ್ದಾರೆ: ರುಚಿ ಹಿಡಿಸಲ್ಲ, ತಿಂದ್ರೆ ಏನಾದ್ರೂ ಆಗುತ್ತೆ ಅನ್ನೋ ಭಯ, ಮತ್ತು ‘ಅದು ಏನು, ಎಲ್ಲಿಂದ ಬಂತು’ ಅನ್ನೋ ಯೋಚನೆ. ಮಲೆನಾಡಿನ ಚಗಳಿ ಇರುವೆ ಚಟ್ನಿ ನೋಡಿ ಹಿಂದೆ ಸರಿಯೋನು ರುಚಿಗೆ ಸರೀತಿಲ್ಲ, ಇರುವೆ ಅನ್ನೋ ಯೋಚನೆಗೆ. ಮಾಂಸ ತಿನ್ನದವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಉಪವಾಸ ಇರೋರು, ಶೇಂಗಾ ಅಲರ್ಜಿ ಇರೋರು, ಇವರ್ಯಾರನ್ನೂ ‘ಓಪನ್‌ನೆಸ್ ಇಲ್ಲ’ ಅಂತ ರೇಗಿಸೋ ಹಕ್ಕು ನಮಗಿಲ್ಲ. ತಟ್ಟೆಗೆ ಕದ್ದು ಬಡಿಸಿ ಆಮೇಲೆ ನಗೋದು ಪ್ರ್ಯಾಂಕ್ ಅಲ್ಲ, ಹಾಸ್ಟೆಲ್‌ನಲ್ಲಿ ಇದು ಆಗೋದನ್ನ ನೋಡಿದ್ದೀನಿ.

ಇನ್ನೊಂದು, 2013ರಿಂದ ಎಆರ್‌ಎಫ್‌ಐಡಿ ಅನ್ನೋ ಹೆಸರಲ್ಲಿ ಡಾಕ್ಟರ್‌ಗಳು ಗುರುತಿಸೋ ಒಂದು ಸಮಸ್ಯೆ ಇದೆ. ದಪ್ಪ ಆಗ್ತೀನಿ ಅನ್ನೋ ಚಿಂತೆ ಇರಲ್ಲ, ಆದರೂ ತಿನ್ನೋ ಪದಾರ್ಥಗಳ ಪಟ್ಟಿ ಎಷ್ಟು ಚಿಕ್ಕದಾಗುತ್ತೆ ಅಂದ್ರೆ ತೂಕ ಇಳಿಯುತ್ತೆ, ಪೋಷಕಾಂಶ ಸಾಲಲ್ಲ, ಜನರ ಜೊತೆ ಊಟಕ್ಕೆ ಕೂರೋದೇ ಕಷ್ಟ ಆಗುತ್ತೆ. ನಿಮ್ಮ ರೂಮಲ್ಲಿ ಅಂಥವರಿದ್ರೆ ‘ಪಿಕ್ಕಿ’ ಅಂತ ನಗಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಡಬ್ಬಿ ಮತ್ತೆ ತೆರೆದಿದ್ದು

ಸೆಮಿನಾರ್ ಆದ ಮೇಲೆ ಅವನು ಊರಿಗೆ ಹೋಗಿ ಬಂದಾಗ ನಾನೇ ಎದುರು ರೂಮಿಗೆ ಹೋಗಿ ಕೂತೆ. ಯಾರೂ ಏನೂ ಕೇಳಲಿಲ್ಲ, ಒಬ್ಬ ಸ್ವಲ್ಪ ಜಾಗ ಬಿಟ್ಟ. ಮೊದಲ ತುತ್ತು ಪುಂಡಿ ಪಲ್ಯ ನಿಜವಾಗ್ಲೂ ಹಿಡಿಸಲಿಲ್ಲ, ಹುಳಿ ದವಡೆಗೆ ಹತ್ತಿತು. ಮೂರನೇ ಸಲಕ್ಕೆ ಬೆಳ್ಳುಳ್ಳಿ ಒಗ್ಗರಣೆ ಗೊತ್ತಾಗೋಕೆ ಶುರು ಆಯ್ತು. ಆರನೇ ಸಲ ಅವನು ಊರಿಗೆ ಹೊರಟಾಗ, “ಪಲ್ಯ ತರ್ತೀಯ ತಾನೇ?” ಅಂದೆ. ಖಡಕ್ ರೊಟ್ಟಿ ಮೊದಲ ದಿನಾನೇ ಇಷ್ಟ ಆಯ್ತು, ಪಾಪಡ್ ಥರ. ಗುರೆಳ್ಳು ಚಟ್ನಿಪುಡಿ ಮಾತ್ರ ಹತ್ತು ಸಲ ದಾಟಿದ್ರೂ ಆಗ್ತಿಲ್ಲ. ಲಿಯಾನ್ ಬರ್ಚ್ ಕ್ಷಮಿಸಲಿ.

ಕಳೆದ ತಿಂಗಳು ಅವನು ನಮ್ಮ ಮನೆಗೆ ಬಂದಿದ್ದ. ಅಮ್ಮ ರಾಗಿ ಮುದ್ದೆ, ಮಸ್ಸೊಪ್ಪು ಮಾಡಿದ್ರು. ಮುದ್ದೆ ಕಡೆ ಅವನು ನೋಡಿದ ರೀತಿ ನನಗೆ ಚೆನ್ನಾಗಿ ಗುರುತಿತ್ತು.

“ಆಂಟಿ, ಇದನ್ನ ಅಗಿಯೋದಿಲ್ಲಂತ?”

“ಅಗೀಬಾರ್ದು ಕಣಪ್ಪ, ಸಾರಲ್ಲಿ ಅದ್ದಿ ನುಂಗಬೇಕು. ಆಗಲ್ಲ ಅಂದ್ರೆ ಬಿಡು, ಅನ್ನ ಇದೆ.”

ಸಣ್ಣ ಉಂಡೆ ಮಾಡ್ಕೊಂಡ, ಕಣ್ಣು ಮುಚ್ಚಿದ, ನುಂಗಿದ, ಒಂದು ಲೋಟ ನೀರು ಕುಡಿದ. ಆಮೇಲೆ ನನ್ನ ಕಡೆ ತಿರುಗಿ, “ಒಂದ್ ಸಲ ಆತು ನೋಡಲೇ. ಇನ್ನ ಒಂಬತ್ತ್ ಉಳದಾವ” ಅಂದ.